ಹನ್ನೊಂದು ಗ್ರಾಂ

ಅರ್ದಬೀಲ್‌ನಿಂದ ಮೇಲಕ್ಕೆ, ಮೂರು ತಿಂಗಳು ಹಿಮ ಕರಗದ ಊರು.
ಅಲ್ಲಿಯ ದರ್ಗಾದಲ್ಲಿ ಯಂತ್ರ ಕೂರಿಸಿದವನು ನಾನು,
ತಬ್ರೀಜಿನ ಕಂಪನಿಯ ಮೆಕ್ಯಾನಿಕ್ಕು.

ಆರುನೂರ ನಲವತ್ತು ಉಕ್ಕಿನ ಗೂಡು.
ಕಿಂಡಿಯಲ್ಲಿ ಜೋಡು ಇಟ್ಟರೆ ಸಾಕು,
ತೂಗುತ್ತದೆ, ಚೀಟಿ ಉಗುಳುತ್ತದೆ,
ಕಬ್ಬಿಣದ ಕೈಯೊಂದು ಹಳಿಯ ಮೇಲೆ ಸುಯ್ಯನೆ ಸರಿದು
ಎತ್ತಿಕೊಂಡು ಹೋಗಿ ಕತ್ತಲಲ್ಲಿಟ್ಟು ಬರುತ್ತದೆ.
ಚೀಟಿ ತೋರಿಸಿದರೆ ಇನ್ನೊಮ್ಮೆ ತೂಗಿ ವಾಪಸು.
ತೂಕ ಇಳಿದರೆ ಅಡ್ಡಿಯಿಲ್ಲ: ಒದ್ದೆ ಆರುತ್ತದೆ,
ಮೆಟ್ಟಿನ ಸಂದಿಯ ಹಿಮ ಉದುರುತ್ತದೆ.
ಏರಿದರೆ ಮಾತ್ರ, ಐದೇ ಗ್ರಾಂ ಏರಿದರೂ,
ಕೆಂಪು ದೀಪ. ಕಿಂಡಿ ತೆರೆಯದು.
ಸುಮ್ಮನೆ ಕೂತ ಜೋಡು ಮೈ ತುಂಬಿಕೊಳ್ಳುವುದುಂಟೆ?
ಅದಲುಬದಲಾಗಿದೆ ಎಂದೇ ಅರ್ಥ.
ಆ ನಿಯಮ ಬರೆದವನೂ ನಾನೇ.

ಅದಕ್ಕೂ ಮುಂಚೆ ಐವಾಜ್ ಇದ್ದ.
ನಲವತ್ತೊಂದು ವರ್ಷ, ಮರದ ಹಲಗೆ, ಹಿತ್ತಾಳೆ ಬಿಲ್ಲೆ.
ತಲೆಯೆತ್ತಿ ಯಾರ ಮುಖವನ್ನೂ ನೋಡಿದವನಲ್ಲ;
ಹಿಮ್ಮಡಿ ಯಾವ ಕಡೆ ಸವೆದಿದೆ ಎಂಬುದರಲ್ಲೇ
ಊರಿನ ಸುದ್ದಿಯೆಲ್ಲ ಓದುತ್ತಿದ್ದ.
ಸಮಿತಿಯವರು ಅವನಿಗೊಂದು ಗೋಡೆ ಗಡಿಯಾರ ಕೊಟ್ಟರು,
ಯಂತ್ರದ ಪಕ್ಕ ಒಂದು ಸ್ಟೂಲು ಕೊಟ್ಟರು.
ನಾನು ಹಿಂಬಾಗಿಲ ಕೀಲಿ ಕೊಟ್ಟೆ,
ಎಲ್ಲಾದರೂ ಸಿಕ್ಕಿಕೊಂಡರೆ ಬಿಡಿಸಲಿ ಅಂತ.

ಜನವರಿಯಲ್ಲಿ ಫೋನು. ಹದಿನೇಳನೇ ದೋಷ.
ಪ್ರತಿ ಶುಕ್ರವಾರ ನಸುಕಿಗೆ ಕೆಂಪು,
ರಾತ್ರಿಯೆಲ್ಲ ಪ್ರಾರ್ಥನೆಗೆ ಕೂತಿದ್ದವರು
ಕಾಲುಚೀಲದಲ್ಲಿ ಕಿಂಡಿಯ ಮುಂದೆ ನಡುಗುತ್ತ ನಿಂತಿದ್ದಾರೆ.
ಐದು ತಾಸು ಹಿಮದಲ್ಲಿ ಗಾಡಿ ಓಡಿಸಿ ಬಂದೆ.
ಲೆಕ್ಕ ತೆಗೆದೆ: ಗೂಡು ಇನ್ನೂರ ಹನ್ನೆರಡು, ಹನ್ನೊಂದು ಗ್ರಾಂ ಹೆಚ್ಚು.
ಎಂಬತ್ತೇಳು, ಹತ್ತೊಂಬತ್ತು.
ನಾನೂರ ಮೂವತ್ತು, ಬರೀ ಆರು.
ಎಲ್ಲವೂ ಏರಿಕೆಯೇ. ಸೆನ್ಸರ್ ಬಿಚ್ಚಿ ಒರೆಸಿದೆ, ಕೂರಿಸಿದೆ,
ಅದು ಸತ್ಯವನ್ನೇ ಹೇಳುತ್ತಿತ್ತು.

ಗುರುವಾರ ರಾತ್ರಿ ಎರಡು ಗಂಟೆ.
ಹಳಿಗಳ ಹಿಂದೆ, ಎಣ್ಣೆ ವಾಸನೆಯಲ್ಲಿ, ನಾನು ಕೂತಿದ್ದೆ.
ಬಾಗಿಲು ಕಿರ್ರೆಂದಿತು.
ಹಲ್ಲಿನಲ್ಲಿ ಟಾರ್ಚು ಕಚ್ಚಿಕೊಂಡು ಐವಾಜ್,
ಕೈಯಲ್ಲಿ ಉಳಿ, ಮೇಣ ಹಚ್ಚಿದ ದಾರ,
ಕಂಕುಳಲ್ಲಿ ಹಳೇ ಕಂಬಳಿಯ ತುಂಡು.
ಎಂಬತ್ತೇಳನ್ನು ಎಳೆದ. ಮಗುವಿನ ಬೂಟು.
ಕಂಬಳಿ ಕತ್ತರಿಸಿ ಒಳಗೆ ಅಟ್ಟೆಯಾಗಿ ಹಾಸಿದ,
ಬೆರಳಿಟ್ಟು ನೋಡಿದ, ಇನ್ನೊಂದು ಪದರ ಹಾಸಿದ.

ನನ್ನನ್ನು ಕಂಡ. ಬಚ್ಚಿಡಲಿಲ್ಲ.
ಟಾರ್ಚು ತೆಗೆದು ಬಾಯಿ ಒರೆಸಿಕೊಂಡ.
"ನಿನ್ನ ಯಂತ್ರ ಒಳ್ಳೆಯದು ಮಗೂ" ಅಂದ.
ವ್ಯಂಗ್ಯ ಅಂದುಕೊಂಡೆ.
"ನಲವತ್ತೊಂದು ವರ್ಷ ಕೇಳಿದೆ, ಹೊಲಿದು ಕೊಡಲೇ ಅಂತ.
ಬೇಡ ಐವಾಜ್, ಇದು ಹಳೇದು, ಹೊಸದು ಮನೆಯಲ್ಲಿದೆ, ಅನ್ನುತ್ತಿದ್ದರು.
ಹರಿದ ಕಡೆಯನ್ನು ಒಳಗೆ ಮಾಡಿ ಕೊಡುತ್ತಿದ್ದರು.
ನನ್ನ ಕೈಗೆ ಕೊಡುವಾಗ ನಾಚಿಕೆ.
ಇದರ ಬಾಯಿಗೆ ಇಡುವಾಗ ನಾಚಿಕೆಯಿಲ್ಲ.
ಯಾರು ಹೊಲಿದರು ಅಂತ ಕೇಳೋಣವೆಂದರೆ
ಇದಕ್ಕೆ ಮುಖವೇ ಇಲ್ಲ."

ಸಮೋವರ್ ಇನ್ನೂ ಬಿಸಿಯಿತ್ತು.
ಸಕ್ಕರೆ ತುಂಡು ಹಲ್ಲಿಗೆ ಕಚ್ಚಿ ಚಹಾ ಕುಡಿದೆವು,
ಯಾರೂ ಹೆಚ್ಚು ಮಾತಾಡಲಿಲ್ಲ.
ಆಮೇಲೆ ನಾನು ಲ್ಯಾಪ್‌ಟಾಪ್ ತೆರೆದೆ,
ಐದು ಇದ್ದಲ್ಲಿ ಅರವತ್ತು ಎಂದು ಒತ್ತಿದೆ.
ಕಂಪನಿಗೆ ವರದಿ: ಹವಾಮಾನದ ತೇವಾಂಶ. ಸರಿಪಡಿಸಲಾಗಿದೆ.
ಒಂದು ಗಳಿಗೆ ಬಿಟ್ಟು ಎಂಬತ್ತು ಮಾಡಿದೆ.
ಅವನು ಮೊಳೆಯನ್ನೂ ಹೊಡೆಯುತ್ತಾನೆ.

ನಸುಕಿಗೆ ಎಲ್ಲ ಹಸಿರು.
ಜನ ಚೀಟಿ ತೋರಿಸಿದರು, ಮೆಟ್ಟಿಕೊಂಡರು, ಹೋದರು.
ಒಬ್ಬಳು ಮಾತ್ರ, ಕಪ್ಪು ಶಾಲಿನ ಹೆಂಗಸು,
ಬಲಗಾಲು ತೂರಿಸಿದವಳು ಚಕ್ಕನೆ ತೆಗೆದಳು.
"ಇದು ನನ್ನದಲ್ಲ" ಅಂದಳು.
"ನನ್ನದರಲ್ಲಿ ನೀರು ಬರುತ್ತಿತ್ತು."

ಐವಾಜ್ ಗೋಡೆ ಗಡಿಯಾರ ನೋಡತೊಡಗಿದ.
ನಾನು ಅವಳ ಚೀಟಿ ಇಸಿದುಕೊಂಡು
ನಂಬರನ್ನು ಗಟ್ಟಿಯಾಗಿ, ಎರಡು ಸಲ, ಓದಿ ಹೇಳಿದೆ.