ಸೂಜಿ ಜಾರುವ ತನಕ

ಬಂಗಾರಪೇಟೆ ಗುಜರಿಯಲ್ಲಿ ತೂಕಕ್ಕೆ ಸಿಕ್ಕಿತು.
ಫ್ಯಾನಿನ ರೆಕ್ಕೆ, ಸೈಕಲ್ ಚೈನುಗಳ ಅಡಿಯಿಂದ
ಎಳೆದುಕೊಟ್ಟ ಹುಡುಗ ಕೇಳಿದ:
"ಯಾಕಮ್ಮ, ಮನೇಲಿ ತಗಡು ಸಾಲದಾ?"

ನನ್ನ ಗೇಟಿನ ಗೂಡಿನ ಬಾಗಿಲು ಎರಡು ಮಳೆಗಾಲದಿಂದ
ಹೊಸ್ತಿಲು ಕಚ್ಚಿಕೊಂಡು ಕೂತಿದೆ.
ಅರ್ಜಿ ಬರೆದೆ, ಮೂರು.
ಮಾರಿಕುಪ್ಪಂ ಗಾಡಿ ಬೆಳಿಗ್ಗೆ ಬಂತು, ಸಂಜೆ ಬಂತು,
ಮೇಸ್ತ್ರಿ ಬರಲಿಲ್ಲ.

ಗೇಟು ಹಾಕಿದ್ದರಿಂದ ನಿಂತರು ಪಿಳ್ಳಾಚಾರಿ,
ಟಿವಿಎಸ್ ಮೇಲೆ ಒಂದು ಕಾಲು, ನೆಲದ ಮೇಲೊಂದು.
"ನಮ್ಮನೇಲಿ ತೆಲುಗು. ಇದಕ್ಕೆ ರಂಪಂ ಅಂತೀವಿ.
ನೀವು ರಂಪ ಅಂದರೆ ಜಗಳ ಅಂತೀರಲ್ಲ,
ಮೊಂಡು ಗರಗಸದ ಸದ್ದು ಕೇಳಿಯೇ ಇಟ್ಟಿರಬೇಕು."
ಗಾಡಿ ಹೋಯಿತು. ಅವರೂ ಹೋದರು.
ಪಾಠವೆಲ್ಲ ಹೀಗೇ, ಗೇಟು ಹಾಕಿದಷ್ಟು ಹೊತ್ತು.

ತುಕ್ಕಿಗೆ ಸೀಮೆಎಣ್ಣೆ ಅಂದರು. ಈಗ ಯಾರ ಮನೆಯಲ್ಲಿದೆ?
ಡೀಸೆಲ್ ಹಾಕಿ ಇಟ್ಟಿಗೆ ಚೂರಿನಲ್ಲಿ ತಿಕ್ಕಿದೆ,
ಮೈಯುದ್ದಕ್ಕೂ, ಅಡ್ಡಡ್ಡ ಅಲ್ಲ.
ಕೆಂಪು ನೀರು ಜಲ್ಲಿಕಲ್ಲಿಗೆ ಇಳಿಯಿತು.
ಹಿತ್ತಾಳೆ ತಿರುಪಿಗೆ ಹುಣಸೆಹಣ್ಣು.
ಹಿಡಿಗೆ ಸವರಿದ ಹೊಂಗೆಎಣ್ಣೆಯನ್ನು
ಮರ ರಾತ್ರಿಯಿಡೀ ಕುಡಿಯಿತು.

ಗೂಡ್ಸ್ ಬರುವುದರೊಳಗೆ ಹಲ್ಲು ಎಣಿಸಿದೆ:
ನೂರ ಐವತ್ತಾರು.
ನಡುವಿನವು ಸವೆದು ತೊಟ್ಟಿಲಂತೆ ತಗ್ಗು.
ಹಿಡಿಯ ಹತ್ತಿರದ ಇಪ್ಪತ್ತು ಮಾತ್ರ
ಹಾಲುಹಲ್ಲಿನ ಹಾಗೆ, ಏನನ್ನೂ ಕಚ್ಚದವು.
ಅಂದರೆ ಇದನ್ನು ಹಿಡಿದವನು
ತೋಳು ಪೂರ್ತಿ ಚಾಚಲೇ ಇಲ್ಲ.
ಹುಡುಗನಿರಬೇಕು. ಇಲ್ಲಾ ಎದುರಿಗೇ ಗೋಡೆಯಿದ್ದವನು.
ಇಲ್ಲಾ ಗಣಿಯೊಳಗೆ, ಬಗ್ಗಿ ಕೂತು,
ಆನಿಕೆ ಮರ ಕೊಯ್ಯುತ್ತ, ಮೂಗಿನ ಮುಂದೆ ಬಂಡೆ...
"ಕತೆ ಕಟ್ಟಬೇಡ, ಹಲ್ಲು ಕಟ್ಟು"
ಅಂದರು ಪಿಳ್ಳಾಚಾರಿ.

ಚಪ್ಪಟೆ ಅರ ಎಲ್ಲರ ತಲೆಯ ಮೇಲೂ ಒಂದೇ ಸಮ ಓಡಿತು.
ತುದಿತುದಿಗೂ ಒಂದೊಂದು ಮಿಣುಕು.
ಹಳಿ ತುಂಡಿನ ಮೇಲೆ ಮಲಗಿಸಿ, ಮೊಳೆಯಿಟ್ಟು ತಟ್ಟಿದೆ,
ಒಂದು ಬಿಟ್ಟು ಒಂದು ಎಡಕ್ಕೆ,
ಹೊರಳಿಸಿ, ಬಿಟ್ಟವನ್ನು ಬಲಕ್ಕೆ.
ಒಂದು ಲಟಕ್ಕನೆ ಮುರಿಯಿತು.
ಅವರಿಗೆ ಹೇಳಲಿಲ್ಲ.

ಹೊಳೆಯುವುದೇ ಹರಿತ ಅಂದುಕೊಂಡಿದ್ದೆ ಇಷ್ಟು ದಿನ.
"ಹೊಳೆಯೋದು ಮೊಂಡು. ಮೂರುಮೂಲೆ ಅರ ಹಿಡಿ,
ಮಿಣುಕು ಆರುವ ತನಕ ಉಜ್ಜು.
ಆರಿದ ಮೇಲೆ ಒಂದು ಸಲವೂ ಹೆಚ್ಚಿಗೆ ಬೇಡ."
ಎರಡು ನೀಲಗಿರಿ ಪಟ್ಟಿಯ ನಡುವೆ ಸಿಕ್ಕಿಸಿ
ಹಗ್ಗ ಬಿಗಿದೆ. ಮೊದಲ ದಿನ ಅದು ಕೂಗಿದ ಕೂಗಿಗೆ
ನಾಯಿ ಹಳಿ ದಾಟಿ ಓಡಿತು.
"ತಗಡು ಎತ್ತರ ಬಿಟ್ಟಿದ್ದೀಯ, ಇಳಿಸು."
ಇಳಿಸಿದೆ. ರಂಪ ನಿಂತಿತು.

ಕೊನೆಗೆ ಸೂಜಿ. ರವಿಕೆಗೆ ಗುಂಡಿ ಹಾಕುವ ಸೂಜಿ.
ಎರಡು ಸಾಲು ಹಲ್ಲಿನ ನಡುವಿನ ಓಣಿಯಲ್ಲಿಟ್ಟು
ಹಿಡಿಯನ್ನು ಮೆಲ್ಲಗೆ ಎತ್ತಿದೆ. ಜಾರಿತು,
ಮುರಿದ ಹಲ್ಲಿನ ಹತ್ತಿರ ತಡೆಯಿತು
ಸಿಗ್ನಲ್ ಸಿಗದ ಗಾಡಿಯ ಹಾಗೆ,
ಆಮೇಲೆ ಹೋಯಿತು, ತುದಿಯ ತನಕ.
ಪಿಳ್ಳಾಚಾರಿ ಆ ಜಾಗ ಬೆರಳಲ್ಲಿ ತಡವಿ
ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ.
ಗೇಟು ತೆರೆದೇ ಇತ್ತು. ಆದರೂ ಹೋಗಲಿಲ್ಲ.

ಬಾಗಿಲು ಕಳಚಿ ಬೆಂಚಿನ ಮೇಲೆ ಮಲಗಿಸಿ
ಸೀಮೆಸುಣ್ಣದಲ್ಲಿ ಗೆರೆ ಎಳೆದೆ.
ಹೆಬ್ಬೆರಳ ಗೆಣ್ಣಿಗೆ ಒರಗಿಸಿ ಹಿಂದಕ್ಕೊಮ್ಮೆ,
ಆಮೇಲೆ ಮುಂದಕ್ಕೆ. ಹೋಗುವಾಗ ಕೊಯ್ಯುತ್ತದೆ,
ವಾಪಸು ಸುಮ್ಮನೆ ಬರುತ್ತದೆ, ಡ್ಯೂಟಿ ಮುಗಿಸಿದವರಂತೆ.
ತೋಳು ಪೂರ್ತಿ ಚಾಚಿದೆ.
ಎದುರಿಗೆ ನನಗೆ ಗೋಡೆಯಿಲ್ಲ,
ಹಳಿ, ಅದರಾಚೆ ಟೊಮೇಟೊ ಕೋಲುಗಳು, ಬಯಲು.
ಹಾಲುಹಲ್ಲು ಇಪ್ಪತ್ತೂ ಮೊದಲ ಸಲ ಮರ ಮುಟ್ಟಿದವು.
ಪಾದದ ಮೇಲೆ ಬೇವಿನ ಪುಡಿ, ಬೆಚ್ಚಗೆ.

ಅರ್ಧ ಕೊಯ್ದಿದ್ದೆ, ಫೋನು ಬಡಿಯಿತು.
ಸ್ಟೇಷನ್ನಿನವರು ಹೇಳಿದ ನಂಬರು ಬರೆದು
ಗೇಟಿಗೆ ಓಡಿದೆ.
ಹಸಿರು ಬಾವುಟ ಹಿಡಿದು ತಿರುಗಿ ನೋಡಿದರೆ
ಗರಗಸ ಮರದೊಳಗೇ ನಿಂತಿದೆ,
ಯಾರೂ ಮುಟ್ಟದೆ ಸಣ್ಣಗೆ ನಡುಗುತ್ತಿದೆ,
ಕೊನೆಯ ಬೋಗಿ ದಾಟಿದ ಮೇಲೂ
ಸ್ವಲ್ಪ ಹೊತ್ತು.