ಬೊಬ್ಬೆಯ ತೂಕ

ನನ್ನ ಭಾಷೆಯಲ್ಲಿ ಅದು ಕೂಗೂ ಹೌದು,
ಸುಟ್ಟ ಚರ್ಮದಡಿ ತುಂಬಿನಿಂತ ನೀರೂ ಹೌದು.
ಒಂದಕ್ಕೆ ಬಾಯಿದೆ. ಇನ್ನೊಂದಕ್ಕಿಲ್ಲ.

ಲೋಹಕ್ಕೂ ಬೊಬ್ಬೆ ಏಳುತ್ತದೆಂದು
ನನಗೆ ಹೇಳಿದವನು ಮುಫುಲಿರಾದ ಕಪೆಂಬ್ವ,
ಜಾಂಬಿಯಾದ ತಾಮ್ರದೂರಿನಲ್ಲಿ
ಮೂವತ್ತೊಂದು ವರ್ಷ ಕುಲುಮೆ ಕಾದವನು.
'ಕರಗಿದ ತಾಮ್ರ ಆರುವಾಗ
ಒಳಗುಳಿದ ಗಂಧಕದ ಹೊಗೆ ದಾರಿ ಹುಡುಕುತ್ತೆ,
ಮೈಯೆಲ್ಲ ಗುಳ್ಳೆ.
ಕಾಗದದಲ್ಲೂ ಹಾಗೇ ಬರೀತಾರೆ, ಬ್ಲಿಸ್ಟರ್, ಇಷ್ಟು ಟನ್ನು.
ನೂರಕ್ಕೆ ತೊಂಬತ್ತೊಂಬತ್ತು ಪಾಲು ಚೊಕ್ಕ.
ಉಳಿದ ಒಂದು ನಮ್ಮ ಪಾಲು.'
ನಕ್ಕ.
ನಗು ಅರ್ಧಕ್ಕೇ ಕೆಮ್ಮಾಯಿತು.

ಮುಸೊಂಡ ಒಲೆಯ ಮುಂದೆ.
ಬಿಳಿಜೋಳದ ಹಿಟ್ಟು ಕೊತಕೊತ ಕುದಿದು
ಮುಂಗೈಗೆ ಸಿಡಿಯುತ್ತದೆ, ದಿನಾ ಸಿಡಿಯುತ್ತದೆ.
ಹುಟ್ಟು ಬಿಟ್ಟರೆ ನ್ಶಿಮಾ ಗಂಟಾಗುತ್ತದೆ,
ಬಿಡುವುದಿಲ್ಲ ಅವಳು.
ಮೊಣಕೈವರೆಗೂ ಚಿಲ್ಲರೆ ಕಾಸಿನಂಥ ಕಲೆಗಳು,
ಯಾವ ಅಂಗಡಿಯಲ್ಲೂ ನಡೆಯದ ಕಾಸು.

ಬಾಗಿಲ ನೀಲಿ ಬಣ್ಣವೂ ಉಬ್ಬಿದೆ.
ಮೊಮ್ಮಗಳು ಚಿಲೆಶೆ ಉಗುರಿನಿಂದ ಒಡೆಯುತ್ತಾಳೆ:
ನೀಲಿಯ ಕೆಳಗೆ ಹಸಿರು,
ಹಸಿರಿನ ಕೆಳಗೆ ಕಂಪನಿ ಬಳಿಸಿದ ಬೂದು,
ಅದರ ಕೆಳಗೆ ಮರ, ಇನ್ನೂ ಮರವೇ.

ಶಾಲೆಗೆಂದು ಕೊಂಡ ಬೂಟು ಬಿಗಿ.
ಹಿಮ್ಮಡಿಯಲ್ಲಿ ದ್ರಾಕ್ಷಿಯಷ್ಟು ದಪ್ಪ.
ಬೆರಳು ತೆಗೆದುಕೊಂಡು ಹೋದಳೋ ಇಲ್ಲವೋ
ಅಜ್ಜಿ ಕೈಗೊಂದು ಕೊಟ್ಟಳು:
'ಒಡೀಬೇಡ.
ಒಳಗೆ ಯಾರೋ ಹೊಸ ಚರ್ಮ ನೇಯ್ತಿದಾರೆ,
ಕೆಲಸದ ಹೊತ್ತಲ್ಲಿ ಬಾಗಿಲು ತಟ್ಟಬಾರದು.'

ಆದರೆ ರಾತ್ರಿ, ಊಟವಾದ ಮೇಲೆ,
ಒಡೆಯಲೇಬೇಕಾದ ಗುಳ್ಳೆಗಳಿವೆ.
ಕ್ಲಿನಿಕ್ಕಿನವರು ಕೊಟ್ಟ ಹಾಳೆ,
ಸಾಲು ಸಾಲು ಪ್ಲಾಸ್ಟಿಕ್ ಗೂಡು,
ಗೂಡಿಗೊಂದು ಇಟ್ಟಿಗೆ ಬಣ್ಣದ ಮಾತ್ರೆ,
ಆರು ತಿಂಗಳು, ಒಂದು ದಿನವೂ ತಪ್ಪುವಂತಿಲ್ಲ.
ಕಪೆಂಬ್ವನ ಹೆಬ್ಬೆರಳು ಬೊಬ್ಬೆ ಎದ್ದೆದ್ದು
ಈಗ ಕೊಂಬಿನಷ್ಟು ಗಟ್ಟಿ;
ಎಲ್ಲಿ ಒತ್ತಬೇಕೋ ಅದಕ್ಕೆ ತಿಳಿಯದು.
ಚಿಲೆಶೆಯ ಬೆರಳಿಗೆ ತಿಳಿಯುತ್ತದೆ.
ಟಕ್.
ಟಕ್.
ಟಕ್.
ಇಡೀ ಮನೆಯಲ್ಲಿ
ಬೈಗುಳವಿಲ್ಲದೆ ಅವಳು ಒಡೆಯಬಹುದಾದದ್ದು ಇದೊಂದೇ.

ಹೊರಗೆ ಗೂಡ್ಸ್ ರೈಲು ಹೊರಡುತ್ತದೆ,
ತೂಗಿ, ಬರೆದು, ಸಹಿ ಹಾಕಿಸಿಕೊಂಡ ತಾಮ್ರ.
ಈ ಅಂಗೈಯನ್ನು ಯಾರೂ ತಕ್ಕಡಿಗಿಟ್ಟಿರಲಿಲ್ಲ.
ನಾನು ಹಿಡಿದು ನೋಡಿದೆ:
ತಣ್ಣಗೆ, ಒರಟು, ಎಣಿಸಿದ್ದಕ್ಕಿಂತ ಹಗುರ.
ಕೂಗಿದ್ದೆಯಾ ಎಂದು ಕೇಳಿದೆ.
'ಕುಲುಮೆಯ ಸದ್ದಲ್ಲಿ ಯಾರಿಗೆ ಕೇಳ್ಸುತ್ತೆ?' ಅಂದ.

ಖಾಲಿ ಹಾಳೆ ಬಿಸಾಡಲು ಬಿಡುವುದಿಲ್ಲ ಚಿಲೆಶೆ.
ಹರಿದ ಬೆನ್ನಿಗೆ ಕಾಗದ ಅಂಟಿಸಿ
ಗೂಡಿಗೊಂದು ಜೋಳದ ಕಾಳು ಇಟ್ಟು,
ಕುಂಟುತ್ತ ಬಂದು ಮುಂದೆ ಹಿಡಿಯುತ್ತಾಳೆ:
'ಅಜ್ಜ, ಇವು ಆರು ತಿಂಗಳಾದ ಮೇಲಿನವು.'