ಬೆಳೆದಿದೆ

ಬ್ಯಾಲರಾಟ್, ಜುಲೈ, ಬೆಳಗಿನ ಜಾವ.
ಕಾರಿನ ಗಾಜಿಗೆ ಹೆಪ್ಪುಗಟ್ಟಿದ ಇಬ್ಬನಿಯನ್ನು
ಲೈಬ್ರರಿ ಕಾರ್ಡಿನಿಂದ ಕೆರೆದು ಹೊರಟೆವು.
ಹಿಂದಿನ ಸೀಟಿನಲ್ಲಿ ಮೂವತ್ತೆಂಟೂವರೆ ಡಿಗ್ರಿ.
ಅಳುತ್ತಿರಲಿಲ್ಲ ಅವಳು.
ಅದಕ್ಕೇ ಹೆದರಿಕೆ.

ಆರು ವಾರದ ಕೂಸು. ಮೊಲೆ ಇಟ್ಟರೆ ಮುಖ ಹೊರಳಿಸುತ್ತಾಳೆ.
ಕೆಮ್ಮಿಲ್ಲ, ನೆಗಡಿಯಿಲ್ಲ, ಕಿವಿ ಶುಭ್ರ.
ಡಾಕ್ಟರು ನನ್ನ ಕಡೆ ತಿರುಗಿ,
"ನಿಮಗೆ ಗೊತ್ತಿರುವುದೇ. ಮೊದಲು ಮೂತ್ರ."

ಗೊತ್ತು.
ಇದೇ ಕಟ್ಟಡದ ನೆಲಮಾಳಿಗೆಯಲ್ಲಿ ಒಂಬತ್ತು ವರ್ಷ
ಊರವರೆಲ್ಲರ ಉಚ್ಚೆ ನೋಡಿದವಳು,
ಮಡಿವಂತ ಅತ್ತೆಗೆ "ಆಸ್ಪತ್ರೆ ಕೆಲಸ" ಎಂದಷ್ಟೇ ಹೇಳಿದವಳು.

ನರ್ಸ್ ಬ್ರಿಯೊನಿ ತಣ್ಣೀರಲ್ಲದ್ದಿದ ಬಟ್ಟೆಯಿಂದ
ಕಿಬ್ಬೊಟ್ಟೆಯ ಮೇಲೆ ಸುತ್ತಿ ಸುತ್ತಿ ಸವರಿದಳು.
ನಾನು ಬಾಟಲಿ ಹಿಡಿದು ಕಾದೆ. ಐದು ನಿಮಿಷ. ಹತ್ತು.
ಆಮೇಲೆ ನನ್ನ ಹಲ್ಲಿನ ಸಂದಿಯಿಂದ, ಕೇಳದೆಯೇ,
ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತ ಅಜ್ಜಿಯ ಸದ್ದು ಹೊರಟಿತು:
ಸ್ಸ್ಸ್... ಸ್ಸ್ಸ್...
ಬ್ರಿಯೊನಿ ನಕ್ಕಳು. ಕೂಸು ಹೊಯ್ದಿತು,
ಅರ್ಧ ಬಾಟಲಿಗೆ, ಅರ್ಧ ನನ್ನ ತೋಳಿಗೆ.

ಚೀಟಿಯ ಮೇಲೆ ನಾನೇ ಬರೆದೆ. ನೀಲಾಂಬಿಕೆ.
ಇಲ್ಲಿನ ಚೌಕಗಳಲ್ಲಿ ಹಿಡಿಸದ ಹೆಸರು,
ಕೊನೆಯ ಅಕ್ಷರ ಅಂಚಿಗೆ ಜೋತುಬಿತ್ತು.

ಆ ರಾತ್ರಿ ಮೂರನೆಯ ಅಂತಸ್ತಿನಲ್ಲಿ ಅವಳು,
ಕೆಳಗೆ ಇನ್‌ಕ್ಯುಬೇಟರಿನಲ್ಲಿ ಅವಳ ಒಂದು ಹನಿ.
ಯಾರಿರಬಹುದು?
ಬೆಂಡೆಕಾಯಿ ಲೋಳೆಯಂತೆ ಕಡ್ಡಿಗೆ ಎಳೆ ಬಿಡುವ ಕ್ಲೆಬ್ಸಿಯೆಲ್ಲಾ?
ಒಂದೆಡೆ ನಿಲ್ಲದೆ ಅಲೆಯ ಮೇಲೆ ಅಲೆಯಾಗಿ
ಇಡೀ ತಟ್ಟೆಯನ್ನೇ ನುಂಗುವ ಪ್ರೋಟಿಯಸ್?
ಸೂಡೋಮೊನಾಸ್ ಬೆಳೆದ ತಟ್ಟೆ ತೆರೆದರೆ ದ್ರಾಕ್ಷಿಯ ಘಮ.
ಆ ಘಮ ನನಗೆ ಇಷ್ಟವಿತ್ತು,
ಅವು ಬೇರೆಯವರ ಮಕ್ಕಳಾಗಿದ್ದಾಗ.

ಬೆಳಿಗ್ಗೆ ಆರಕ್ಕೆ ನನ್ನದೇ ಹಳೆಯ ಕುರ್ಚಿಯಿಂದ ಟ್ರೆವರನ ಫೋನು.
"ಬೆಳೆದಿದೆ.
ಗುಲಾಬಿ. ಒಂದೇ ತಳಿ, ಕಲಬೆರಕೆಯಿಲ್ಲ.
ಈ. ಕೋಲೈ. ತಟ್ಟೆ ತುಂಬ."
ಹೋದ ವಾರವಷ್ಟೇ ತಕ್ಕಡಿಯ ಮುಂದೆ ಬಾಗಿ
ದಾದಿಯೂ ಅಂದಿದ್ದಳು, ಎಷ್ಟು ಚೆನ್ನಾಗಿ ಬೆಳೆದಿದೆ ಎಂದು.

"ಎಲ್ಲಿಂದ ಬಂತು?" ಎಂದ ಗಂಡ. "ಡಯಾಪರ್ ತಡವಾಯಿತಾ? ನೀರಾ?"
ಇಲ್ಲ ಮಾರಾಯ. ಅವಳ ಕರುಳಿನಿಂದಲೇ.
ಕರುಳಿಗೆ ಎಲ್ಲಿಂದ ಬಂತು ಎಂದು ಅವನು ಕೇಳಲಿಲ್ಲ.
ನಾನು ಹೇಳಲಿಲ್ಲ.
ಹುಟ್ಟುವ ದಾರಿಯಲ್ಲಿ, ಆ ಮೊದಲ ಗಂಟೆಯಲ್ಲಿ,
ಬಂಗಾರಕ್ಕೂ ಮೊದಲು, ಹೆಸರಿಗೂ ಮೊದಲು
ನನ್ನಿಂದಲೇ ಹೋದ ಬಳುವಳಿ ಇರಬಹುದು.
ಕರುಳಬಳ್ಳಿ ಅಂದರೆ ಇದೂ ಸೇರಿಯೇ.
ಅಲ್ಲಿ ಸುಮ್ಮನೆ ಬಾಳಿಕೊಂಡಿತ್ತು,
ಯಾರಿಗೂ ಕೇಡು ಬಗೆಯದೆ.
ಅಲ್ಲಿಂದ ಇಲ್ಲಿಗೆ, ಎಳೆಯ ಹೆಣ್ಣುಮೈಯಲ್ಲಿ,
ಬೆರಳಗಲವೂ ಇಲ್ಲ ದಾರಿ.

ಗಡಿ ದಾಟಿದ್ದೇ ತಪ್ಪು ಎಂಬ ಉಪಮೆ
ತಾನಾಗಿ ನಾಲಿಗೆಗೆ ಬಂತು. ನುಂಗಿಕೊಂಡೆ.
ನನ್ನ ಪಾಸ್‌ಪೋರ್ಟಿನಲ್ಲೂ ಠಸ್ಸೆಗಳಿವೆ.

ಮಾರನೆಯ ದಿನ ಟ್ರೆವರ್ ಮತ್ತೆ ಹೇಳಿದ:
ಆಂಪಿಸಿಲಿನ್‌ಗೆ ಬಗ್ಗಿಲ್ಲ, ಜೆಂಟಾಮೈಸಿನ್‌ಗೆ ಬಗ್ಗಿದೆ.
ಅಷ್ಟರಲ್ಲಾಗಲೇ ಅವಳು ಕಿರುಚಿದ್ದಳು,
ಕೈಗೆ ಕಟ್ಟಿದ್ದ ಸೂಜಿಯ ಪಟ್ಟಿಯನ್ನು ಬೀಸಿ
ನನ್ನ ಮೂಗಿಗೆ ಬಡಿದಿದ್ದಳು,
ನಲವತ್ತು ನಿಮಿಷ ಬಿಡದೆ ಹಾಲು ಎಳೆದಿದ್ದಳು.
ಮೂತ್ರಪಿಂಡದ ಸ್ಕ್ಯಾನು ಮಂಗಳವಾರ.

"ತಟ್ಟೆ ಎಸೆಯಲಾ?" ಅಂದ.
"ತಡಿ" ಎಂದು ಚಪ್ಪಲಿ ಸಿಕ್ಕಿಸಿ ಇಳಿದೆ.
ದೀಪದ ಕೆಳಗೆ ಹಿಡಿದೆ.
ನನ್ನ ಮಗಳ ಬೆಚ್ಚಗಿನ ನೀರಲ್ಲಿ
ಹತ್ತೂ ದಿಕ್ಕಿಗೆ ಹಬ್ಬಿದ ಗುಲಾಬಿ ಚುಕ್ಕಿಗಳು,
ಅಂಚು ನಯ, ನಡು ಕೊಂಚ ಗಾಢ.
ಚೆಂದವಿತ್ತು.

ಇದನ್ನು ಮೇಲೆ ಯಾರಿಗೂ ಹೇಳಿಲ್ಲ.